ಅಂಟುವಾಳ ಮತ್ತು ನನ್ನ ಮುಖಭಂಗ

ನಾಗಪುರಕ್ಕೆ ವರ್ಗವಾದಾಗ ಮರಾಠಿ ಕಲಿಯದೆ ಅಲ್ಲಿ ಬದುಕುವುದು ಕಷ್ಟವೆಂದು ಬಹಳ ಜನ ಹೆದರಿಸಿದ್ದರು. ನಾನು ಹೆದರಲಿಲ್ಲ. ಕಲಿಯಲೂ ಇಲ್ಲ. ಬ್ಯಾಂಕಿನ ಮ್ಯಾನೇಜರ್ ಕುರ್ಚಿಯಲ್ಲಿ ಕೂತವನಿಗೆ ಭಾಷೆಯ ತೊಂದರೆ ಬರುವುದಿಲ್ಲ. ಎದುರು ಕೂತವನಿಗೆ ಸಾಲ ಬೇಕಾಗಿದ್ದರೆ ಅವನೇ ನನಗೆ ಅರ್ಥವಾಗುವ ಭಾಷೆ ಹುಡುಕಿಕೊಂಡು ಬರುತ್ತಾನೆ. ಹೀಗೆ ನಿವೃತ್ತಿಯವರೆಗೂ ಸುಖವಾಗಿ ಕಾಲ ಹಾಕಿದೆ.

ಇದರ ಜೊತೆಗೆ ನನ್ನದೊಂದು ಭಾಷಾ ಸಿದ್ಧಾಂತವೂ ಇತ್ತು. ಮರಾಠಿಯ ಪದಗಳಲ್ಲಿ ಕೆಲವು ಸಂಸ್ಕೃತದ್ದು, ಕೆಲವು ನಮ್ಮ ಕನ್ನಡದಿಂದಲೇ ಎತ್ತಿಕೊಂಡು ಹೋದದ್ದು, ಉಳಿದದ್ದೆಲ್ಲ ಇಂಗ್ಲಿಷಿನದು. ಈ ಮೂರನ್ನೂ ಬಲ್ಲ ಮೈಸೂರಿನ ಮನುಷ್ಯನಿಗೆ ಮರಾಠಿ ತಾನಾಗಿಯೇ ಅರ್ಥವಾಗಬೇಕು. ಅವರ ತೂಪ್ ನಮ್ಮ ತುಪ್ಪ. ಅವರ ವಾಸ್ ನಮ್ಮ ವಾಸನೆ. ಇದಕ್ಕೆ ಕೋಚಿಂಗ್ ಕ್ಲಾಸು ಬೇಕೆ?

ನನ್ನ ಹೆಂಡತಿ ಗಿರಿಜಾ ಬೆಳಗಾವಿಯವಳು. ಕನ್ನಡ, ಮರಾಠಿ ಎರಡನ್ನೂ ಎಡಗೈ ಬಲಗೈಯಂತೆ ಬಳಸುತ್ತಾಳೆ. ನನ್ನ ಸಿದ್ಧಾಂತದ ಮಾತು ಬಂದಾಗಲೆಲ್ಲ ಒಂದು ಹಳೆಯ ಘಟನೆಯನ್ನು ಎತ್ತಿ ಆಡುತ್ತಾಳೆ. ಎದುರು ಮನೆಯ ಮೀನಾತಾಯಿ ಒಮ್ಮೆ ನಮ್ಮಲ್ಲಿಗೆ ಬಂದವರು "ದಾರ್ ಬಂದ್ ಕರಾ" ಅಂದಿದ್ದರು. ಬಾಗಿಲು ಹಾಕಿ ಎಂದು ಅದರ ಅರ್ಥವಂತೆ. ನಾನು ಕಪಾಟಿನಲ್ಲಿ ದಾರ ಹುಡುಕುತ್ತಾ ನಿಂತೆ. ಅಷ್ಟರಲ್ಲಿ ಬೀದಿನಾಯಿ ಒಳಗೆ ಬಂದು ಚಪಾತಿ ಡಬ್ಬಿಗೆ ಬಾಯಿ ಹಾಕಿತು. ಅಪವಾದ ಇಲ್ಲದ ಸಿದ್ಧಾಂತ ಯಾವುದಿದೆ?

ಈ ಮೀನಾತಾಯಿಯ ಬಗ್ಗೆ ಒಂದು ಮಾತು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಆಕೆ ನನಗಿಂತ ಬಹಳ ಚಿಕ್ಕವರು. ಆದರೂ ಲಕ್ಷ್ಮೀ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಗಾದರೆ ನಾನು ಆಕೆಯನ್ನು ತಾಯಿ ಎಂದೇ ಕರೆಯಬೇಕು. ಅಭ್ಯಾಸವಾಗಿದೆ.

ಇವರಿಬ್ಬರೂ ಸೇರಿ ಅಂಟುವಾಳದ ಕೆಲಸ ಶುರು ಮಾಡಿದ್ದು ನಮ್ಮ ಕರಿಬೇವಿನ ಗಿಡದ ದೆಸೆಯಿಂದ. ನಾವಿರುವುದು ನೆಲಮಹಡಿ. ವಾಷಿಂಗ್ ಮೆಷಿನ್ನಿನ ನೀರು ನೇರ ಹಿತ್ತಲಿನ ಪಾತಿಗೆ ಹೋಗುತ್ತದೆ. ನಾಗಪುರದ ಬೇಸಿಗೆಯಲ್ಲಿ ಒಂದು ಹನಿ ನೀರನ್ನೂ ಚೆಲ್ಲಬಾರದೆಂದು ಆ ಏರ್ಪಾಡು ಮಾಡಿದವನು ನಾನೇ. ಸೋಪಿನ ಪುಡಿಯ ನೀರು ಕುಡಿದು ಕುಡಿದು ಕರಿಬೇವು ಹಳದಿ ತಿರುಗಿ, ಕೊನೆಗೆ ಕಡ್ಡಿಯಾಗಿ ನಿಂತಿತು. ಗಿರಿಜಾ ಸೋಪಿನ ಪುಡಿಯನ್ನು ಬದಿಗಿಟ್ಟು, ತನ್ನ ತವರಿನಲ್ಲಿ ರೇಷ್ಮೆ ಸೀರೆಗೆ ಬಳಸುತ್ತಿದ್ದ ಅಂಟುವಾಳದ ಕಾಯಿ ತರಿಸಿದಳು. ಇಲ್ಲಿಯವರು ಅದಕ್ಕೆ ರಿಠಾ ಅನ್ನುತ್ತಾರೆ. ಕುದಿಸಿ, ಕಿವುಚಿ, ಸೋಸಿ, ಆ ನೀರಿನಲ್ಲೇ ಬಟ್ಟೆ ಒಗೆಯತೊಡಗಿದಳು. ಕೆಲವೇ ವಾರಗಳಲ್ಲಿ ಕರಿಬೇವು ಚಿಗುರಿತು.

ಮೀನಾತಾಯಿ ಅದನ್ನು ನೋಡಿ ತಮ್ಮ ಪೈಠಣಿ ಸೀರೆ ತಂದುಕೊಟ್ಟರು. ಅದಾದ ಮೇಲೆ ಬಳೆ, ಅದಾದ ಮೇಲೆ ಪೂಜೆಯ ಬೆಳ್ಳಿ ಪಾತ್ರೆ. ನೋಡುನೋಡುತ್ತಲೇ ಮಹಡಿ ಮಹಡಿಯಿಂದ ಹೆಂಗಸರು ಖಾಲಿ ಬಾಟಲಿ ಹಿಡಿದು ಬರಲಾರಂಭಿಸಿದರು. ನನ್ನ ವರ್ಗಾವಣೆಯ ಹಿಂದೆ ಊರೂರು ಅಲೆದು, ಪ್ರತಿ ಊರಿನಲ್ಲೂ ಹೊಸದಾಗಿ ಹಾಲಿನವನನ್ನು ಹುಡುಕುವುದೇ ಕೆಲಸವಾಗಿದ್ದ ಗಿರಿಜಾಗೆ ಮೊದಲ ಬಾರಿ ತನ್ನದೇ ಒಂದು ಉದ್ಯೋಗ ಸಿಕ್ಕಿತ್ತು. ಅವಳ ನಡಿಗೆಯೇ ಬದಲಾಯಿತು. ಫೋನ್ ಬಂದರೆ "ಗಿರಿಜಾ ಮಾತಾಡ್ತೀನ್ರಿ" ಅನ್ನತೊಡಗಿದಳು. ಮೊದಲೆಲ್ಲ "ಅವರು ಮನ್ಯಾಗಿಲ್ರಿ" ಎಂದು ಇಟ್ಟುಬಿಡುತ್ತಿದ್ದಳು.

ಹೀಗಿರುವಾಗ ಮೀನಾತಾಯಿಯ ಪರಿಚಯದವರ ಮೂಲಕ ನಾಗಪುರದ ಹೊರಗಿನ ಕಳಮೇಶ್ವರದ ಒಂದು ಕಾರ್ಖಾನೆಯಿಂದ ಕರೆ ಬಂತು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ. ಜಿಡ್ಡು ಹಿಡಿದ ಭಾಗಗಳನ್ನೂ ಕೆಲಸಗಾರರ ಸಮವಸ್ತ್ರವನ್ನೂ ತೊಳೆಯಲು ಅವರಿಗೆ ಗಿಡಮೂಲದ ದ್ರಾವಣ ಬೇಕಾಗಿತ್ತು. ಸೋಮವಾರ ಒಂದು ಕ್ಯಾನು ತನ್ನಿ, ಪರೀಕ್ಷೆ ಮಾಡೋಣ, ಹಿಡಿಸಿದರೆ ತಿಂಗಳು ತಿಂಗಳು ತೆಗೆದುಕೊಳ್ಳುತ್ತೇವೆ ಎಂದರು. ಆ ದಿನ ಗಿರಿಜಾ ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

"ಇದೊಂದ ಬರೋಬರ್ ಆತಂದ್ರ ಸಾಕ್ರೀ" ಎಂದಳು. "ಬಾಟ್ಲಿ ಹಿಡ್ಕೊಂಡ ಕೂಡೂದ ತಪ್ಪಿ ನಮ್ಮದೂ ಒಂದ ಯೂನಿಟ್ ಆಕ್ಕೈತಿ."

ಇಷ್ಟು ದೊಡ್ಡ ವಿಷಯವನ್ನು ಇಬ್ಬರು ಹೆಂಗಸರ ಮೇಲೆ ಬಿಡುವುದು ಸರಿಯಲ್ಲವೆಂದು ನನಗೆ ತೋರಿತು. ಕೂಡಲೇ ಸದರಿ ಉದ್ಯಮದ ತಾಂತ್ರಿಕ ಸಲಹೆಗಾರನನ್ನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಅರ್ಜಿ ಹಾಕಿದವನೂ ನಾನೇ, ಆಯ್ಕೆ ಸಮಿತಿಯೂ ನಾನೇ ಆದ್ದರಿಂದ ಪೈಪೋಟಿ ಇರಲಿಲ್ಲ.

ಮೊಬೈಲಿನಲ್ಲಿ ಓದಿ ಓದಿ ಎರಡೇ ದಿನದಲ್ಲಿ ವಿಜ್ಞಾನಿಯಾದೆ. ಅಂಟುವಾಳದ ಸಿಪ್ಪೆಯಲ್ಲಿ ಸ್ಯಾಪೊನಿನ್ ಎಂಬ ವಸ್ತುವಿದೆ. ಅದರ ಕಣಕ್ಕೆ ಎರಡು ತುದಿ. ಒಂದಕ್ಕೆ ನೀರೆಂದರೆ ಪ್ರಾಣ, ಇನ್ನೊಂದಕ್ಕೆ ಜಿಡ್ಡೆಂದರೆ ಪ್ರಾಣ. ಜಿಡ್ಡನ್ನು ಒಂದು ಕೈಯಲ್ಲಿ, ನೀರನ್ನು ಒಂದು ಕೈಯಲ್ಲಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಹೆಡ್ಡಾಫೀಸಿಗೂ ಗಿರಾಕಿಗೂ ನಡುವೆ ಸಿಕ್ಕಿಕೊಂಡ ಬ್ರಾಂಚ್ ಮ್ಯಾನೇಜರನ ಕೆಲಸವೂ ಇದೇ ಆದ್ದರಿಂದ ನನಗೆ ಸಲೀಸಾಗಿ ಅರ್ಥವಾಯಿತು.

"ಇಂಥಾ ಸಸ್ಯಜನ್ಯ ವಸ್ತುಗಳಿಂದ ಎಣ್ಣೆ ಸುರಿದು ಹಾಳಾದ ಮಣ್ಣನ್ನೂ ತೊಳೀಬಹುದು ಗಿರಿಜಾ. ಬೆಂಕಿ ಆರಿಸೋಕೂ ಆಗುತ್ತೆ. ಎಲೆ ಮೇಲೆ ಔಷಧಿ ಹರಡೋಕೂ ಆಗುತ್ತೆ. ಕೆರೆಗೆ ಹೋದರೂ ಬೇಗ ಕೊಳೆತು ಮಣ್ಣಾಗುತ್ತೆ. ಇದರ ಭವಿಷ್ಯ ಏನು ಗೊತ್ತಾ?"

"ಭವಿಷ್ಯ ಇರ್ಲಿ. ಈ ಬೀಜ ಬಿಡಿಸಿ ಕೊಡ್ರಿ ಜಲ್ದಿ."

ಶನಿವಾರ ಮೀನಾತಾಯಿಯ ಅತ್ತೆಗೆ ರಾಮದಾಸಪೇಠದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆಯಿತು. ಗಿರಿಜಾಳೂ ಜೊತೆಗೆ ಹೋಗಿ ಭಾನುವಾರದವರೆಗೆ ಅಲ್ಲೇ ಇರಬೇಕಾಯಿತು. ಅಂಟುವಾಳ ನೆನೆದು ತಯಾರಾಗಿತ್ತು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟಳು. ಸ್ಟೀಲ್ ಪಾತ್ರೆಯಲ್ಲೇ ಕುದಿಸಬೇಕು. ಸಣ್ಣ ಉರಿ. ಸೋಸಿದ ಮೇಲೆ ನೆರಳಿನಲ್ಲಿಡಬೇಕು. ಮೇಲೆ ನೀರು ಬೆರೆಸಬಾರದು.

"ನಾನೇನು ಚಿಕ್ಕ ಮಗುವೇ?" ಎಂದೆ.

ಅವಳು ನನ್ನ ಮುಖ ನೋಡಿ ಹೋದಳು.

ಸ್ಟೀಲ್ ಪಾತ್ರೆ ನೋಡಿದರೆ ಚಿಕ್ಕದು. ಎರಡು ಸಲ ಕುದಿಸಬೇಕಾಗುತ್ತಿತ್ತು. ಮೇಲಿನ ಅಟ್ಟದಲ್ಲಿ ಒಂದು ದೊಡ್ಡ ಕಬ್ಬಿಣದ ಕಡಾಯಿ ಇತ್ತು. ಕಬ್ಬಿಣ ರಕ್ತಕ್ಕೆ ಒಳ್ಳೆಯದೆಂದು ಎಲ್ಲ ಡಾಕ್ಟರೂ ಹೇಳುತ್ತಾರೆ. ರಕ್ತಕ್ಕೆ ಒಳ್ಳೆಯದಾದದ್ದು ಅಂಟುವಾಳಕ್ಕೆ ಕೆಟ್ಟದ್ದು ಹೇಗಾದೀತು? ಕಡಾಯಿಯಲ್ಲಿ ಕುದಿಸಿದೆ. ಜೇನಿನ ಬಣ್ಣಕ್ಕೆ ಬರಬೇಕಾಗಿದ್ದ ರಸ ಟಾರಿನ ಬಣ್ಣಕ್ಕೆ ಬಂತು. ಸತ್ವ ಹೆಚ್ಚಾಗಿ ಇಳಿದಿದೆ ಎಂದು ಸಂತೋಷಪಟ್ಟೆ.

ಸೋಸಿ ಕ್ಯಾನಿಗೆ ಸುರಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಕಾರ್ಖಾನೆಗೆ ಅರ್ಧ ಕ್ಯಾನು ಹಿಡಿದುಕೊಂಡು ಹೋಗುವುದು ಮರ್ಯಾದೆಯೇ? ಯಾರಾದರೂ ನಂಟರ ಮನೆಗೆ ಅರ್ಧ ತಟ್ಟೆ ಹಣ್ಣು ಒಯ್ಯುತ್ತಾರೆಯೇ? ನಲ್ಲಿ ತಿರುಗಿಸಿ ಕಂಠಪೂರ್ತಿ ತುಂಬಿಸಿದೆ. ನೆರಳಿನಲ್ಲಿಡು ಎಂದದ್ದು ನೆನಪಿತ್ತು. ಆದರೆ ಪ್ರಪಂಚವೆಲ್ಲ ಸೌರಶಕ್ತಿ ಎಂದು ಬಾಯಿ ಬಡಿದುಕೊಳ್ಳುತ್ತಿರುವಾಗ ಮೇ ತಿಂಗಳ ನಾಗಪುರದ ಬಿಸಿಲನ್ನು ಸುಮ್ಮನೆ ವ್ಯರ್ಥ ಮಾಡುವುದು ಪರಿಸರ ವಿರೋಧಿ ಕೃತ್ಯವೆಂದು ಕ್ಯಾನನ್ನು ಹಿತ್ತಲಿನಲ್ಲಿಟ್ಟೆ. ಭಾನುವಾರ ಸಂಜೆಯ ಹೊತ್ತಿಗೆ ಅದು ಹೊಟ್ಟೆಯುಬ್ಬಿಸಿಕೊಂಡು, ಮುಚ್ಚಳ ತೆರೆದರೆ ಬುಸ್ ಎಂದಿತು. ವಾಸನೆ ಹಳೆಯ ಗಂಜಿಯನ್ನು ಹೋಲುತ್ತಿತ್ತು.

ಆಸ್ಪತ್ರೆಯಿಂದ ಬಂದ ಗಿರಿಜಾ ಕ್ಯಾನಿನೊಳಗೆ ಇಣುಕಿ ಅಲ್ಲೇ ಕೂತಳು.

"ಏನ್ ಮಾಡೀರ್ರೀ ಇದಕ್ಕ?"

"ತಾಂತ್ರಿಕವಾಗಿ ಸ್ವಲ್ಪ ಸುಧಾರಣೆ ಮಾಡಿದ್ದೀನಿ."

ಮತ್ತೆ ಮಾಡಲು ಕಾಯಿಯೂ ಇರಲಿಲ್ಲ, ವೇಳೆಯೂ ಇರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕ್ಯಾನಿನ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೂತಳು. ಹೊರಗೆ ಒರೆಸಿದರೆ ಒಳಗಿನದು ಬೆಳ್ಳಗಾಗುವುದೇನೋ ಅನ್ನುವ ಹಾಗೆ. ನಾಳೆ ಕಾರ್ಖಾನೆಯಲ್ಲಿ ನನ್ನ ಮಾತಿನ ಬಲದಿಂದಲೇ ಇದನ್ನು ಗೆಲ್ಲಿಸಿಕೊಡುತ್ತೇನೆಂದು ನಿರ್ಧಾರ ಮಾಡಿದೆ.

ಸೋಮವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ಮೂವರೂ ಹೊರಟೆವು. ಕ್ಯಾನಿನ ಮೇಲೆ ಮೀನಾತಾಯಿ ದೇವನಾಗರಿಯಲ್ಲಿ ದಪ್ಪಗೆ 'ಗಿರಿಜಾ' ಎಂದು ಬರೆದಿದ್ದರು. ಅದಲುಬದಲಾಗದಿರಲೆಂದು ಹೆಂಗಸರು ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುತ್ತಾರಲ್ಲ, ಇದೂ ಹಾಗೇ ಎಂದುಕೊಂಡು ಸುಮ್ಮನಾದೆ. ಅಸಲಿಗೆ ಈ ದ್ರಾವಣಕ್ಕೆ ನಾನು ಸೂಚಿಸಿದ್ದ ಹೆಸರು 'ಶ್ರೀ ಫೇನಿಲಾಮೃತ ಜೈವಿಕ ಶುದ್ಧೀಕರಣ ದ್ರಾವಣ.' ಸಂಸ್ಕೃತದಲ್ಲಿ ಫೇನ ಎಂದರೆ ನೊರೆ ಎಂಬುದು ನನ್ನಂಥ ನಾಲ್ಕಕ್ಷರ ಕಲಿತವರಿಗೆಲ್ಲ ಗೊತ್ತು. ಆ ಹೆಸರಿಗೆ ಇಬ್ಬರೂ ಯಾಕೋ ಏನೂ ಹೇಳಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಪರಿಸರವೇ ನಮ್ಮ ಉಸಿರು ಎಂಬರ್ಥದ ದೊಡ್ಡ ಹಸಿರು ಫಲಕವಿತ್ತು. ಫಲಕದ ಹಿಂದಿನ ಮೋರಿಯಲ್ಲಿ ಆಳೆತ್ತರದ ಬಿಳಿ ನೊರೆ ನಿಂತು, ಗಾಳಿ ಬೀಸಿದಾಗೆಲ್ಲ ಚೂರು ಚೂರಾಗಿ ಹಾರಿ ಫಲಕಕ್ಕೇ ಅಂಟಿಕೊಳ್ಳುತ್ತಿತ್ತು. ಫಲಕವನ್ನು ತೊಳೆಯಲು ಒಬ್ಬ ಮನುಷ್ಯನನ್ನು ಇಟ್ಟಿದ್ದರು. ಅವನು ಸೋಪಿನ ನೀರಿನಿಂದ ತೊಳೆಯುತ್ತಿದ್ದ.

ಮೇಲ್ವಿಚಾರಕರ ಹೆಸರು ದೇಶ್‌ಮುಖ್. ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಹೆಂಗಸರ ಜೊತೆ ಮರಾಠಿಯಲ್ಲೂ ನನ್ನ ಜೊತೆ ಹಿಂದಿಯಲ್ಲೂ ಮಾತಾಡಿ, ಕ್ಯಾನಿನಿಂದ ಒಂದು ತೊಟ್ಟಿಗೆ ಸುರಿಸಿ, ಜಿಡ್ಡು ಹಿಡಿದ ಗೇರ್ ಚಕ್ರಗಳನ್ನು ಅದರಲ್ಲಿ ಮುಳುಗಿಸಿದರು. ಅದು ನೆನೆಯುವಷ್ಟು ಹೊತ್ತು ಸುಮ್ಮನಿರುವುದು ಸಲಹೆಗಾರನಿಗೆ ಶೋಭೆಯಲ್ಲವೆಂದು ನಾನು ಎದ್ದು ನಿಂತು ಉಪನ್ಯಾಸ ಆರಂಭಿಸಿದೆ. ಹಿಂದಿಯಲ್ಲಿ ಶುರುವಾದದ್ದು ಇಂಗ್ಲಿಷಿಗೆ ಹೋಗಿ, ಸ್ಯಾಪೊನಿನ್ನಿನ ಎರಡೂ ತುದಿಗಳನ್ನು ಮುಟ್ಟಿ ಬಂತು.

"ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್. ಪೀ ಭೀ ಸಕ್ತೇ ಹೈಂ" ಎಂದೆ. ಕುಡಿಯಲೂಬಹುದು ಎಂದು.

ದೇಶ್‌ಮುಖರು ಹುಬ್ಬೇರಿಸಿದರು. ಗಿರಿಜಾ ನನ್ನ ಅಂಗಿಯ ತುದಿ ಹಿಡಿದೆಳೆದಳು. ಅದು ನನಗೆ ಪ್ರೋತ್ಸಾಹದಂತೆ ಕಂಡಿತು. ಮೇಜಿನ ಮೇಲಿದ್ದ ಲೋಟಕ್ಕೆ ಕ್ಯಾನಿನಿಂದ ಬಗ್ಗಿಸಿಕೊಂಡು ಒಂದು ದೊಡ್ಡ ಗುಟುಕು ಬಾಯಿಗೆ ಹಾಕಿದೆ.

ಅಂಟುವಾಳ ಕಹಿ ಎಂದರೆ ಕಹಿ ಎಂಬ ಪದಕ್ಕೆ ಅವಮಾನ. ನಾಲಿಗೆ ಮಡಚಿಕೊಂಡು ಗಂಟಲಲ್ಲಿ ಅಡಗಿತು. ಕಣ್ಣಿನಿಂದ ನೀರು ಬಂತು. ನುಂಗಲಾರೆ, ಉಗುಳಲಾರೆ. ಎಲ್ಲರ ಎದುರು ಮುಗುಳ್ನಗುತ್ತಾ, ಕೈಸನ್ನೆಯಿಂದಲೇ "ಒಂದು ನಿಮಿಷ" ಎಂದು ಹೊರಗಿನ ನಲ್ಲಿಗೆ ಓಡಿದೆ. ಬಾಯಿ ಮುಕ್ಕಳಿಸಿದಷ್ಟೂ ಬಾಯಿ ತುಂಬಿಕೊಳ್ಳುತ್ತಿತ್ತು. ಆಗ ಅರೆ ತೆರೆದ ಬಾಗಿಲಿನಿಂದ ಒಳಗಿನ ಮಾತು ಕಿವಿಗೆ ಬಿತ್ತು. ದೇಶ್‌ಮುಖರ ದನಿ.

"ಗಿರಿಜಾಚಾ ರಂಗ್ ಕಾಳಾ ಆಹೆ."

ನಾನು ನಲ್ಲಿ ನಿಲ್ಲಿಸಿದೆ. ಈ ವಾಕ್ಯಕ್ಕೆ ಸಿದ್ಧಾಂತವೂ ಬೇಕಿರಲಿಲ್ಲ. ಗಿರಿಜಾಳ ಬಣ್ಣ ಕಪ್ಪು!

"ಥೋಡಾ ವಾಸ್ ಯೇತೋ."

ವಾಸ್ ಎಂದರೆ ವಾಸನೆ. ಮೊದಲೇ ಹೇಳಿದ್ದೇನೆ.

"ಮಾಲ್ ಚಾಂಗ್ಲಾ ಆಹೆ. ಫೇಸ್ ನಾಹೀ."

ಮಾಲು ಚೆನ್ನಾಗಿದೆ, ಫೇಸ್ ಇಲ್ಲ! ಮೈಯೆಲ್ಲ ಉರಿದುಹೋಯಿತು. ಸಂಸಾರಸ್ಥ ಹೆಂಗಸನ್ನು ಮಾಲು ಎನ್ನುವುದೇ? ಅದೂ ಅವಳ ಮುಖದ ಎದುರೇ ಮುಖವಿಲ್ಲ ಎನ್ನುವುದೇ? ತನ್ನ ಹೆಸರಿನಲ್ಲೇ ಇಡೀ ದೇಶದ ಮುಖ ಹೊತ್ತುಕೊಂಡಿರುವ ಮನುಷ್ಯನಿಗೆ ಇನ್ನೊಬ್ಬರ ಮುಖದ ಬಗ್ಗೆ ಇಷ್ಟು ತಾತ್ಸಾರವೇ?

ಅದಕ್ಕಿಂತ ಹೆಚ್ಚು ನೋವಾದದ್ದು ಗಿರಿಜಾಳ ಉತ್ತರ ಕೇಳಿ. ಅವಳು ಸಿಟ್ಟಾಗಲಿಲ್ಲ. ನಗುತ್ತಲೇ "ಹೋ, ಫೇಸ್ ಕಮೀಚ್ ಆಹೆ" ಎಂದಳು. ಹೌದು, ಫೇಸ್ ಕಡಿಮೆಯೇ! ಒಂದು ಆರ್ಡರಿಗಾಗಿ ನನ್ನ ಹೆಂಡತಿ ಇಂಥ ಅವಮಾನವನ್ನೂ ನಗುತ್ತಾ ನುಂಗುತ್ತಿದ್ದಾಳೆ. ಕ್ಯಾನು ಹಾಳು ಮಾಡಿದವನು ನಾನು, ಅನುಭವಿಸುವವಳು ಅವಳು. ನನಗೆ ಅಳು ಬಂದಂತಾಯಿತು, ಅದು ಅಂಟುವಾಳದ್ದೋ ಪ್ರೀತಿಯದ್ದೋ ಆ ಗಳಿಗೆಯಲ್ಲಿ ತಿಳಿಯಲಿಲ್ಲ. ಬಾಗಿಲನ್ನು ದೂಡಿ ಒಳಗೆ ನುಗ್ಗಿದೆ.

"ದೇಶ್‌ಮುಖ್ ಸಾಹೇಬ್!" ಎಂದು ಗುಡುಗಿದೆ. ನನ್ನ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ, ಸರ್ವರೂ ಸಮಾನರು. "ವೋ ಮೇರಾ ವೈಫ್ ಹೈ! ಉಸ್‌ಕಾ ಫೇಸ್ ಮೈಂ ಇತ್ನೇ ಸಾಲ್ ಸೆ ದೇಖ್ ರಹಾ ಹೂಂ. ಕುಛ್ ಪ್ರಾಬ್ಲಮ್ ನಹೀಂ ಹೈ!"

ಅವಳ ಮುಖವನ್ನು ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಏನೂ ತೊಂದರೆಯಿಲ್ಲ ಎಂದು. ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಸಭೆ ಸಿಕ್ಕಿದರೆ ಭಾಷಣಕಾರ ನಿಲ್ಲುತ್ತಾನೆಯೇ?

"ರಂಗ್ ಕಾಲಾ ಹೈ ತೋ ಕ್ಯಾ ಹುವಾ? ಧೂಪ್ ಮೇಂ ಕಾಮ್ ಕರ್ತಾ ಹೈ! ಔರ್ ವಾಸ್? ರೋಜ್ ದೋ ಬಾರ್ ನಹಾತಾ ಹೈ!"

ಬಿಸಿಲಿನಲ್ಲಿ ದುಡಿಯುತ್ತಾಳೆ, ದಿನಕ್ಕೆರಡು ಸಲ ಸ್ನಾನ ಮಾಡುತ್ತಾಳೆ ಎಂದು ಹೆಂಡತಿಯ ಪರವಾಗಿ ಸಾರ್ವಜನಿಕವಾಗಿ ಪ್ರಮಾಣ ಮಾಡಿದೆ. ಆಗಲೇ ಒಂದು ವಿಚಿತ್ರ ಗಮನಕ್ಕೆ ಬಂತು. ಪ್ರತಿ ಅಕ್ಷರದ ಜೊತೆಗೂ ನನ್ನ ಬಾಯಿಂದ ಗುಳ್ಳೆಗಳು ಹೊರಡುತ್ತಿದ್ದವು. ಒತ್ತಕ್ಷರಕ್ಕೆ ದೊಡ್ಡದು, ಸಾದಾ ಅಕ್ಷರಕ್ಕೆ ಸಣ್ಣದು. ಗಲ್ಲದ ಮೇಲೆ ಇಳಿದು ಅಂಗಿಗೆ ಹನಿಯುತ್ತಿದ್ದವು.

ದೇಶ್‌ಮುಖರು ನಿಧಾನವಾಗಿ ಕೈಯೆತ್ತಿ ನನ್ನ ಕಡೆ ಬೆರಳು ತೋರಿಸಿದರು.

"ಹಾ ಬಘಾ. ಫೇಸ್ ಆಲಾ."

ನೋಡಿ, ಫೇಸ್ ಬಂತು! ನನ್ನ ಗುರುತು ಹಿಡಿದರೆಂದು ಭಾವಿಸಿದೆ. ಎದೆಯುಬ್ಬಿಸಿ, "ಹಾಂ, ಆಯಾ! ಮೈಂ ಉಸ್‌ಕಾ ಹಸ್ಬೆಂಡ್ ಹೂಂ!" ಎಂದೆ. ಇನ್ನಷ್ಟು ಗುಳ್ಳೆ ಹೋಯಿತು.

ಮೀನಾತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಬೆನ್ನು ಕುಣಿಯುತ್ತಿತ್ತು. ಗಿರಿಜಾ ಎದ್ದು ಬಂದಳು. ಕರವಸ್ತ್ರದಿಂದ ನನ್ನ ಗಲ್ಲವನ್ನು ಒರೆಸಿ, ಆ ಕರವಸ್ತ್ರವನ್ನು ನನ್ನ ಕಣ್ಣೆದುರು ಹಿಡಿದಳು.

"ಇದಕ್ಕ ಮರಾಠಿಯೊಳಗ ಫೇಸ್ ಅಂತಾರ್ರೀ. ನೊರಿ. ನಿಮ್ಮ ಬಾಯಾಗಿಂದ ಬರಾಕ ಹತ್ತೈತಲ್ಲ, ಇದು."

"ಮತ್ತೆ ಗಿರಿಜಾ ಕಪ್ಪು ಅಂದರಲ್ಲ?"

ಅವಳು ಮೇಜಿನ ಮೇಲಿದ್ದ ಕ್ಯಾನಿನ ಕಡೆ ಕಣ್ಣು ತೋರಿಸಿದಳು. ದಪ್ಪ ಅಕ್ಷರದ 'ಗಿರಿಜಾ' ಅಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಮೀನಾತಾಯಿ ಸರಕಿಗೆ ಅವಳ ಹೆಸರನ್ನೇ ಇಟ್ಟಿದ್ದರು. ಕಪ್ಪಾಗಿದ್ದದ್ದು ನನ್ನ ಕಡಾಯಿಯಿಂದ. ವಾಸನೆ ನನ್ನ ಸೌರಶಕ್ತಿಯಿಂದ. ನೊರೆ ಇಲ್ಲದ್ದು ನನ್ನ ನಲ್ಲಿ ನೀರಿನಿಂದ. ಅಂದರೆ ದೇಶ್‌ಮುಖರು ಅಷ್ಟು ಹೊತ್ತೂ ಮಾತಾಡಿದ್ದು ಒಬ್ಬರ ಬಗ್ಗೆಯೇ. ಅದು ಗಿರಿಜಾ ಅಲ್ಲ.

ಅಷ್ಟರಲ್ಲೂ ಒಂದು ಸಮಾಧಾನ ಹೊಳೆಯಿತು. ಸಂಸ್ಕೃತದ ಫೇನವೇ ಮರಾಠಿಯ ಫೇಸ್ ಇದ್ದರೂ ಇರಬಹುದು. ಹಾಗಾದರೆ ನನ್ನ ಸಿದ್ಧಾಂತ ಸರಿಯೇ ಇತ್ತು. ಪದವನ್ನು ಸಂಸ್ಕೃತದ ಖಾನೆಗೆ ಹಾಕುವ ಬದಲು ಇಂಗ್ಲಿಷಿನ ಖಾನೆಗೆ ಹಾಕಿಬಿಟ್ಟಿದ್ದೆ ಅಷ್ಟೆ. ಇದನ್ನು ಅಲ್ಲಿ ವಿವರಿಸುವ ಧೈರ್ಯ ಬರಲಿಲ್ಲ. ಬಾಯಿ ತೆರೆದರೆ ಗುಳ್ಳೆ ಬರುತ್ತಿತ್ತು.

ದೇಶ್‌ಮುಖರು ನನ್ನನ್ನು ಕೂರಿಸಿ, ನೀರು ಕೊಟ್ಟು, ಮರಾಠಿಯಲ್ಲಿ ಏನೋ ದೀರ್ಘವಾಗಿ ಹೇಳಿದರು. ಗಿರಿಜಾ ಕನ್ನಡದಲ್ಲಿ ತಿಳಿಸಿದಳು. ಅವರ ದೊಡ್ಡ ತಲೆನೋವೇ ನೊರೆಯಂತೆ. ಈಗಿನ ಸೋಪಿನ ನೊರೆ ಯಂತ್ರದಿಂದ ಉಕ್ಕಿ, ಮೋರಿ ತುಂಬಿ, ಹಳ್ಳಕ್ಕೆ ಹೋಗಿ, ಊರವರು ಗೇಟಿನ ಮುಂದೆ ಬಂದು ಕೂತಿದ್ದರಂತೆ. ಸೋಪು ಮಾರಲು ಬಂದವರೆಲ್ಲ ನಮ್ಮದರಲ್ಲಿ ನೊರೆ ಭರಪೂರ ಎಂದು ಜಂಬ ಕೊಚ್ಚುತ್ತಾರೆ, ನೊರೆಯಿಲ್ಲದೆ ಜಿಡ್ಡು ಬಿಡಿಸುವ ಮಾಲನ್ನು ಮೊದಲ ಬಾರಿ ನೋಡುತ್ತಿದ್ದೇವೆ ಎಂದರಂತೆ. ತೊಟ್ಟಿಯಿಂದ ಗೇರುಗಳನ್ನು ಎತ್ತಿ ತೋರಿಸಿದರು. ಹೊಳೆಯುತ್ತಿದ್ದವು. ಗೇರಿಗೆ ಬಣ್ಣದ ಚಿಂತೆಯಿಲ್ಲ, ಅದಕ್ಕೆ ಮೂಗೂ ಇಲ್ಲ.

ಅಂದರೆ "ಫೇಸ್ ನಾಹೀ" ಎಂಬುದು ಹೊಗಳಿಕೆ. ಆ ಹೊಗಳಿಕೆಯ ವಿರುದ್ಧ ನಾನು ಹೋರಾಡಿದ್ದೆ.

ಆರ್ಡರು ಅಲ್ಲೇ ಆಯಿತು. ಇದೇ ಥರದ್ದೇ ಬೇಕು, ನೊರೆ ಇದಕ್ಕಿಂತ ಜಾಸ್ತಿಯಾಗಕೂಡದು ಎಂದರು. ಮುಂದಿನ ಸಲ ಬರಲು ಗೇಟ್ ಪಾಸ್ ಬರೆಸಿದರು. ಅದರಲ್ಲಿ ಎರಡು ಹೆಸರಿದ್ದವು. ಎರಡೂ ಹೆಂಗಸರದ್ದು. ಬೀಳ್ಕೊಡುವಾಗ ದೇಶ್‌ಮುಖರು ನನ್ನ ಕೈ ಹಿಡಿದು ಹಿಂದಿಯಲ್ಲಿ, "ನಮ್ಮ ತೊಟ್ಟಿಯಲ್ಲಿ ಬರದ ನೊರೆ ನಿಮ್ಮಲ್ಲಿ ಬಂತು, ಆರೋಗ್ಯ ನೋಡಿಕೊಳ್ಳಿ" ಎಂದರು.

ವಾಪಸು ಬರುವಾಗ ಮೀನಾತಾಯಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಗಿರಿಜಾ ನನ್ನ ಪಕ್ಕದಲ್ಲಿ. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು.

"ಹ್ಯಾಂಗ್ ಮಾಡಿದ್ರಿ ಇದನ್ನ? ಈಗ ಹಂಗ ಮಾಡಬೇಕಲ್ಲ."

ಸಲಹೆಗಾರನಾಗಿ ಮೊದಲ ಬಾರಿ ಯಾರೋ ನನ್ನ ಸಲಹೆ ಕೇಳಿದ್ದರು. ಗಂಟಲು ಸರಿಮಾಡಿಕೊಂಡು ಕಡಾಯಿ, ಹಿತ್ತಲ ಬಿಸಿಲು, ನಲ್ಲಿ ನೀರು, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವಳು ಗಮನವಿಟ್ಟು ಕೇಳಿದಳು.

"ಕಡಾಯಿ ಬ್ಯಾಡ. ಬಿಸಿಲೂ ಬ್ಯಾಡ" ಎಂದಳು. "ನೊರಿ ಕಡಿಮಿ ಆಗಿದ್ದು ನೀರಿನಿಂದ. ಅಂದ್ರ ನೀವು ಹಾಕಿದ್ದು ನೀರು, ಅಷ್ಟ."

"ಅಷ್ಟೇ" ಎಂದೆ. ಮೊಬೈಲಿನಲ್ಲಿ ಓದಿದ್ದಷ್ಟೂ ವಿಜ್ಞಾನ ನಲ್ಲಿ ತಿರುಗಿಸುವುದರಲ್ಲಿ ಮುಗಿದಿತ್ತು.

ಮುಂದೆ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿದೆ. ಗಿರಿಜಾ ಕಿಟಕಿಯ ಹೊರಗೆ ನೋಡುತ್ತಿದ್ದವಳು ತಿರುಗದೆಯೇ ಹೇಳಿದಳು.

"ಮದುವಿ ಆದಾಗಿಂದ ನನ್ನ ಮುಖದ ಬಗ್ಗೆ ನೀವು ಆಡಿದ್ದು ಇದೊಂದ ಮಾತು ನೋಡ್ರಿ. ಕುಛ್ ಪ್ರಾಬ್ಲಮ್ ನಹೀಂ. ಅದೂ ಹಿಂದಿಯೊಳಗ. ಅದೂ ದೇಶ್‌ಮುಖರಿಗೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಾಟಿತು. ಯೋಚಿಸಿ ನೋಡಿದೆ. ನಿಜ. ಎಷ್ಟೋ ಊರು, ಎಷ್ಟೋ ಮನೆ, ಇವಳ ಮುಖ ನೋಡದ ದಿನವಿಲ್ಲ, ನೋಡಿ ಒಂದು ಮಾತಾಡಿದ ದಿನವೂ ಇಲ್ಲ. ನಾಚಿಕೆಯಾಯಿತು. ಈಗಲಾದರೂ ಹೇಳಬೇಕು, ನೆಟ್ಟಗೆ ಕನ್ನಡದಲ್ಲಿ ಹೇಳಬೇಕು ಎನ್ನಿಸಿತು. ಅವಳ ಕಡೆ ತಿರುಗಿದೆ. ಬಿಸಿಲಿಗೆ ಕೆನ್ನೆ ಕೆಂಪಾಗಿತ್ತು. ಹಣೆಯ ಮೇಲೆ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಆರ್ಡರು ಸಿಕ್ಕ ಸಂತೋಷವನ್ನು ಬಿಗಿಹಿಡಿದು ಕೂತಿದ್ದಳು, ಅದು ಕಣ್ಣಿನ ತುದಿಯಲ್ಲಿ ಕಾಣುತ್ತಿತ್ತು. ಬಹಳ ಚೆನ್ನಾಗಿದ್ದಳು.

"ಗಿರಿಜಾ" ಎಂದೆ. "ನಿನ್ನ ಮುಖ..."

"ಹೂಂ? ನನ್ನ ಮುಖ?" ಎಂದು ಪೂರ್ತಿ ನನ್ನ ಕಡೆ ತಿರುಗಿದಳು.

ಹಿಂದಿನ ಸೀಟಿನ ಮೀನಾತಾಯಿ ಉಸಿರಾಟ ನಿಲ್ಲಿಸಿದಂತಿತ್ತು. ಕಾರ್ಖಾನೆಯಲ್ಲಿ ಪರಭಾಷೆಯಲ್ಲಿ ಗುಡುಗಿದವನಿಗೆ ಮಾತೃಭಾಷೆಯ ಒಂದು ವಾಕ್ಯ ಬಾಯಿಗೆ ಬರಲಿಲ್ಲ.

"ನಿನ್ನ ಮುಖದ ಮೇಲೆ... ಸ್ವಲ್ಪ ನೊರೆ ಇದೆ."

ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡು ಸೆರಗನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೊರಿ ಬರೂದಿಲ್ಲ ಅಂತನ ಆರ್ಡರ್ ಕೊಟ್ಟಾರ್ರೀ" ಎಂದಳು. "ನನ್ನ ಮುಖದ ಮ್ಯಾಲೆ ಎಲ್ಲಿಂದ ಬಂತು?"

ನಾನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡು ಎದುರು ನೋಡಿದೆ. ಗೇಟು ಇನ್ನೂ ತೆರೆದಿರಲಿಲ್ಲ. ಬಂದದ್ದು ಗೂಡ್ಸ್ ಗಾಡಿ, ಬಹಳ ಉದ್ದವಿತ್ತು.